ಆರೈಕೆ ಮಾಡಿದವರ ಮುಪ್ಪು ಯಾರ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ಮಾತನ್ನು ಒಂದು ರೈಲಿನಿಂದ ಶುರು ಮಾಡುತ್ತೇನೆ.

2020ರ ಮೇ ತಿಂಗಳು. ಕೋವಿಡ್ ಹರಡಿ ಯುರೋಪಿನ ಗಡಿಗಳು ಒಂದರ ಹಿಂದೊಂದು ಮುಚ್ಚಿದ್ದ ಕಾಲ. ಆಗ ರೊಮೇನಿಯಾದ ಟಿಮಿಶೋರಾದಿಂದ ಹೊರಟು, ಹಂಗೇರಿಯನ್ನು ಹಾದು, ಆಸ್ಟ್ರಿಯಾದ ವಿಯೆನ್ನಾಕ್ಕೆ ಒಂದು ವಿಶೇಷ ರಾತ್ರಿ ರೈಲು ಬಂತು. ಸರ್ಕಾರಗಳು ಮಾತಾಡಿಕೊಂಡು ಬಿಡಿಸಿದ ರೈಲು ಅದು. ಅದರಲ್ಲಿ ಬಂದವರು ಆಸ್ಟ್ರಿಯಾದ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರು. ಅದಕ್ಕೂ ಮೊದಲು, ಮಾರ್ಚ್ ಕೊನೆಯಲ್ಲಿ, ಇಂಥವರನ್ನೇ ಕರೆತರಲು ಬಲ್ಗೇರಿಯಾ ಮತ್ತು ರೊಮೇನಿಯಾದಿಂದ ಬಾಡಿಗೆ ವಿಮಾನವನ್ನೂ ಹಾರಿಸಿದ್ದರು.

ಆ ಕೆಲಸದ ರೀತಿ ಹೀಗೆ: ಒಂದು ಮನೆಗೆ ಇಬ್ಬರು. ಒಬ್ಬಳು ಎರಡೋ ನಾಲ್ಕೋ ವಾರ ಆ ಮನೆಯಲ್ಲೇ ಉಳಿದು ಹಗಲು ರಾತ್ರಿ ನೋಡಿಕೊಳ್ಳುತ್ತಾಳೆ. ಏಳಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಹಾಸಿಗೆ ಹಿಡಿದವರನ್ನು ಗಂಟೆ ನೋಡಿಕೊಂಡು ಮಗ್ಗುಲು ಬದಲಾಯಿಸುವುದು. ಆಮೇಲೆ ಇನ್ನೊಬ್ಬಳು ಬರುತ್ತಾಳೆ, ಮೊದಲಿನವಳು ತನ್ನ ದೇಶಕ್ಕೆ, ತನ್ನ ಮಕ್ಕಳ ಹತ್ತಿರ ಹೋಗುತ್ತಾಳೆ. ಗಡಿ ಮುಚ್ಚಿದ ಕೂಡಲೇ ಈ ಸರದಿ ತಪ್ಪಿತು. ಇದ್ದವಳು ಇದ್ದಲ್ಲೇ ಸಿಕ್ಕಿಕೊಂಡಳು, ಊರಿಗೆ ಹೋಗಿದ್ದವಳಿಗೆ ಸಂಪಾದನೆ ನಿಂತಿತು. ಈ ಕಡೆ, ನಾಳೆ ನಮ್ಮಮ್ಮನನ್ನು ಏಳಿಸುವವರು ಯಾರು ಎಂದು ಸಾವಿರಾರು ಮನೆಗಳಲ್ಲಿ ದಿಗಿಲು. ಒಂದು ಶ್ರೀಮಂತ ದೇಶದ ಮುಪ್ಪು ಪಕ್ಕದ ಬಡ ದೇಶದ ಹೆಂಗಸಿನ ತೋಳಿನ ಮೇಲೆ ನಿಂತಿದೆ ಎಂಬುದು ಆ ಕೆಲವು ವಾರಗಳಲ್ಲಿ ಎಲ್ಲರ ಕಣ್ಣಿಗೂ ಬಿತ್ತು.

ಇವತ್ತಿನ ವಿಷಯ, ವಯಸ್ಸಾಗುತ್ತಿರುವ ಜನಸಂಖ್ಯೆ ಮತ್ತು ಅದರ ಬಗ್ಗೆ ದೇಶಗಳ ನಡುವಿನ ಸಹಕಾರ. ಈ ಸಹಕಾರ ಅಂದ ತಕ್ಷಣ ನಮ್ಮ ಮನಸ್ಸಿಗೆ ಬರುವುದು ದೊಡ್ಡ ಸಭಾಂಗಣ, ಬಾವುಟಗಳ ಸಾಲು, ಘೋಷಣಾಪತ್ರ. ಅದರ ಬಗ್ಗೆಯೂ ಹೇಳುತ್ತೇನೆ. ಆದರೆ ನನ್ನ ಮನಸ್ಸು ಇರುವುದು ಆ ರೈಲಿನಲ್ಲಿ ಬಂದವರ ಮೇಲೆ. ಅವರಿಗೂ ವಯಸ್ಸಾಗುತ್ತದೆ. ಆ ಮುಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಉಳಿದದ್ದನ್ನೆಲ್ಲ ನೋಡುತ್ತೇನೆ.

ಅಂಕಿಗಳನ್ನು ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 60 ದಾಟಿದವರು ಸುಮಾರು 100 ಕೋಟಿ. 2030ಕ್ಕೆ ಅದು 140 ಕೋಟಿ, 2050ಕ್ಕೆ 210 ಕೋಟಿ. ಆ ಹೊತ್ತಿಗೆ ಅವರಲ್ಲಿ ಮೂರನೇ ಎರಡು ಪಾಲು ಜನ ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಇದಕ್ಕಿಂತ ನನ್ನನ್ನು ಕಾಡುವುದು ವೇಗ. 65 ದಾಟಿದವರ ಪಾಲು ಶೇ 7ರಿಂದ ಶೇ 14ಕ್ಕೆ ಏರಲು ಫ್ರಾನ್ಸಿಗೆ 115 ವರ್ಷ ಹಿಡಿಯಿತು. ಜಪಾನಿಗೆ 24 ವರ್ಷ ಸಾಕಾಯಿತು, 1970ರಿಂದ 1994. ದಕ್ಷಿಣ ಕೊರಿಯಾ ಸುಮಾರು 18 ವರ್ಷದಲ್ಲೇ ಆ ದಾರಿ ಮುಗಿಸಿತು. 115 ವರ್ಷ ಅಂದರೆ ನಾಲ್ಕೈದು ತಲೆಮಾರು. ಒಂದು ತಲೆಮಾರು ಆಸ್ಪತ್ರೆ ಕಟ್ಟಿತು, ಮುಂದಿನದು ಪಿಂಚಣಿ ಕೊಟ್ಟಿತು, ಅದರ ಮುಂದಿನದು ತಪ್ಪುಗಳನ್ನು ತಿದ್ದಿತು. 18 ವರ್ಷ ಅಂದರೆ ಒಂದು ಮಗು ಹುಟ್ಟಿ ಕಾಲೇಜು ಸೇರುವಷ್ಟು ಕಾಲ. ಈಗ ಮುಪ್ಪಿನತ್ತ ಓಡುತ್ತಿರುವ ದೇಶಗಳಿಗೆ ತಾವೇ ತಪ್ಪು ಮಾಡಿ ತಾವೇ ಕಲಿಯುವಷ್ಟು ಪುರಸೊತ್ತಿಲ್ಲ. ಇನ್ನೊಬ್ಬರ ತಪ್ಪಿನಿಂದ ಕಲಿಯಲೇಬೇಕು. ಸಹಕಾರ ಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಈ ಮಾತು ಹೊಸದಲ್ಲ. 1948ರಲ್ಲೇ ಅರ್ಜೆಂಟೀನಾ ವಿಶ್ವಸಂಸ್ಥೆಯ ಮುಂದೆ ಮುಪ್ಪಿನ ಹಕ್ಕುಗಳ ಘೋಷಣೆಯ ಕರಡು ಇಟ್ಟಿತ್ತು. ಯುದ್ಧ ಮುಗಿದು ಮೂರು ವರ್ಷ ಆಗಿತ್ತಷ್ಟೆ. ಕರಡು ಮುಂದಕ್ಕೆ ಹೋಗಲಿಲ್ಲ. 1969ರಲ್ಲಿ ಮಾಲ್ಟಾ ಮತ್ತೆ ವಿಷಯ ಎತ್ತಿತು. ಒಂದು ನಗರದಷ್ಟೂ ಜನಸಂಖ್ಯೆ ಇಲ್ಲದ ಪುಟ್ಟ ದ್ವೀಪ ದೇಶ ಇಡೀ ಲೋಕದ ಮುಪ್ಪಿನ ಬಗ್ಗೆ ಯೋಚಿಸಿತು ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಕೊನೆಗೆ 1982ರಲ್ಲಿ ಮೊದಲ ವಿಶ್ವ ಸಮಾವೇಶ ನಡೆಯಿತು, ನಡೆದದ್ದು ಅದೇ ವಿಯೆನ್ನಾದಲ್ಲಿ. 62 ಶಿಫಾರಸುಗಳ ಒಂದು ಕ್ರಿಯಾ ಯೋಜನೆ ಅಲ್ಲಿ ಹೊರಬಂತು. 1991ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಹಿರಿಯರಿಗಾಗಿ 18 ತತ್ವಗಳನ್ನು ಒಪ್ಪಿತು: ಸ್ವಾವಲಂಬನೆ, ಭಾಗವಹಿಸುವಿಕೆ, ಆರೈಕೆ, ಸ್ವಂತ ಬೆಳವಣಿಗೆ, ಘನತೆ ಎಂಬ ಐದು ತಲೆಬರಹಗಳಡಿ. 2002ರಲ್ಲಿ ಮ್ಯಾಡ್ರಿಡ್‌ನಲ್ಲಿ ಎರಡನೇ ಸಮಾವೇಶ.

ಮ್ಯಾಡ್ರಿಡ್ ಯೋಜನೆಯ ಒಂದು ಗುಣವನ್ನು ಮೆಚ್ಚಲೇಬೇಕು. ಅದಕ್ಕೂ ಮುಂಚೆ ಹಿರಿಯರ ಮಾತು ಬಂದರೆ ಆರೋಗ್ಯ ಮತ್ತು ಸಮಾಜ ಕಲ್ಯಾಣದ ಖಾತೆಗೆ ಹೋಗುತ್ತಿತ್ತು. ಮ್ಯಾಡ್ರಿಡ್‌ನಲ್ಲಿ ಮೊದಲ ಆದ್ಯತೆ ಸಿಕ್ಕಿದ್ದು ‘ಹಿರಿಯರು ಮತ್ತು ಅಭಿವೃದ್ಧಿ’ಗೆ. ಅಂದರೆ ವಯಸ್ಸಾದವರನ್ನು ಹೊರೆ ಎಂದು ಅಲ್ಲ, ದುಡಿಯುವವರು, ಮೊಮ್ಮಕ್ಕಳನ್ನು ಸಾಕುವವರು, ಭೂಮಿ ಉಳುವವರು ಎಂದು ನೋಡಬೇಕು. ಐದು ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕೆಂದೂ ಒಪ್ಪಿಕೊಂಡರು, ಅದು ಈಗಲೂ ನಡೆಯುತ್ತಿದೆ. ಆದರೆ ಇವೆಲ್ಲವೂ ಸದಾಶಯಗಳು. ಒಪ್ಪಿದ್ದನ್ನು ಮಾಡದಿದ್ದರೆ ಕೇಳುವವರಿಲ್ಲ. ಮಕ್ಕಳ ಹಕ್ಕುಗಳಿಗೆ 1989ರ ಒಡಂಬಡಿಕೆ ಇದೆ, ಮಹಿಳೆಯರಿಗೆ 1979ರದ್ದು, ಅಂಗವಿಕಲರಿಗೆ 2006ರದ್ದು. ವಯಸ್ಸಾದವರಿಗೆ ಅಂಥದ್ದು ಇನ್ನೂ ಇಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಒಂದು ದೇಶದ ಪಾಠ ಇನ್ನೊಂದು ದೇಶಕ್ಕೆ ಹೇಗೆ ಹೋಗುತ್ತದೆ? ನಾನು ಕಂಡ ಹಾಗೆ ಅತ್ಯಂತ ಚೆನ್ನಾಗಿ ಹೋದ ಪಾಠ ಜರ್ಮನಿಯಿಂದ ಜಪಾನಿಗೆ, ಅಲ್ಲಿಂದ ಕೊರಿಯಾಕ್ಕೆ ನಡೆದದ್ದು. ಜರ್ಮನಿ 1995ರಲ್ಲಿ ಆರೈಕೆ ವಿಮೆ ತಂದಿತು. ಕಾಯಿಲೆಗೆ ವಿಮೆ ಇರುವ ಹಾಗೆ, ತನ್ನ ಕೆಲಸ ತಾನು ಮಾಡಿಕೊಳ್ಳಲಾಗದ ಸ್ಥಿತಿಗೂ ವಿಮೆ. ಜಪಾನಿನವರು ಅದನ್ನು ಕೂಲಂಕಷವಾಗಿ ನೋಡಿದರು, 1997ರಲ್ಲಿ ಕಾನೂನು ಮಾಡಿದರು, 2000ದ ಏಪ್ರಿಲ್‌ನಲ್ಲಿ ಜಾರಿಗೆ ತಂದರು. 40 ವರ್ಷ ದಾಟಿದ ಎಲ್ಲರೂ ಕಂತು ಕಟ್ಟಬೇಕು. ಖರ್ಚಿನ ಅರ್ಧ ಆ ಕಂತಿನಿಂದ, ಉಳಿದರ್ಧ ತೆರಿಗೆಯಿಂದ. ಕೊರಿಯಾ ಇಬ್ಬರನ್ನೂ ನೋಡಿ 2008ರ ಜುಲೈನಲ್ಲಿ ತನ್ನದನ್ನು ಶುರು ಮಾಡಿತು.

ಇಲ್ಲಿ ಒಂದು ಜಗಳದ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಜರ್ಮನಿಯಲ್ಲಿ ಮನೆಯವರೇ ನೋಡಿಕೊಂಡರೆ ಕುಟುಂಬಕ್ಕೆ ನಗದು ಸಿಗುತ್ತದೆ. ಜಪಾನಿನಲ್ಲೂ ಹಾಗೇ ಮಾಡೋಣ ಎಂಬ ಮಾತು ಬಂತು. ಆಗ ಹಿಗುಚಿ ಕೇಯ್ಕೊ ಅವರಂಥ ಮಹಿಳಾ ಚಳವಳಿಯವರು ಗಟ್ಟಿಯಾಗಿ ವಿರೋಧಿಸಿದರು. ಅವರ ವಾದ ಸರಳ: ಹಣ ಮನೆಗೆ ಬರುತ್ತದೆ, ಕೆಲಸ ಮಾತ್ರ ಸೊಸೆಯ ತಲೆಗೇ ಬೀಳುತ್ತದೆ, ಹಣ ಬಂದಿದೆಯಲ್ಲ, ಇನ್ನೇನು ಎಂದು ಅವಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತಾರೆ. ನಗದು ಬೇಡ, ಮನೆ ಬಾಗಿಲಿಗೆ ಬರುವ ಸಹಾಯಕಿ ಬೇಕು, ಹಗಲು ಆರೈಕೆ ಕೇಂದ್ರ ಬೇಕು ಎಂದರು. ಅವರೇ ಗೆದ್ದರು. ಜಪಾನಿನ ವಿಮೆ ಸೇವೆಯನ್ನು ಕೊಡುತ್ತದೆ, ಕುಟುಂಬಕ್ಕೆ ನಗದು ಕೊಡುವುದಿಲ್ಲ. ಕಲಿಯುವುದು ಅಂದರೆ ನಕಲು ಹೊಡೆಯುವುದಲ್ಲ, ಯಾವುದನ್ನು ಬಿಡಬೇಕು ಎಂದು ತಿಳಿಯುವುದೂ ಕಲಿಕೆಯೇ. ಜರ್ಮನಿಯೂ ಸುಮ್ಮನೆ ಕೂರಲಿಲ್ಲ. ಅದರ ಮೂಲ ಕಾನೂನು ದೇಹದ ಕಷ್ಟವನ್ನಷ್ಟೇ ಅಳೆಯುತ್ತಿತ್ತು. ಕೈಕಾಲು ಗಟ್ಟಿಯಾಗಿದ್ದು ನೆನಪು ಹೋದವರಿಗೆ ಸಿಗುತ್ತಿದ್ದದ್ದು ತೀರ ಕಡಿಮೆ. 2017ರಲ್ಲಿ ಅಳತೆಯನ್ನೇ ಬದಲಾಯಿಸಿ ಮರೆವಿನ ಕಾಯಿಲೆಯವರನ್ನೂ ಸರಿಯಾಗಿ ಒಳಗೆ ತಂದರು.

ಮರೆವಿನ ಮಾತು ಬಂದಿದ್ದರಿಂದ ಪದಗಳ ಬಗ್ಗೆ ಒಂದೆರಡು ಮಾತು. ಅರವತ್ತಕ್ಕೆ ಅರಳು ಮರಳು ಎಂದು ನಮ್ಮ ಭಾಷೆಯಲ್ಲಿ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ. ಜಪಾನಿನಲ್ಲಿ ಡಿಮೆನ್ಷಿಯಾಕ್ಕೆ ‘ಚಿಹೋ’ ಎಂಬ ಪದವಿತ್ತು, ಅದರಲ್ಲಿ ಪೆದ್ದುತನದ ಅರ್ಥ ಅಂಟಿಕೊಂಡಿತ್ತು. 2004ರಲ್ಲಿ ಸರ್ಕಾರ ಆ ಪದವನ್ನು ಬಿಟ್ಟು ‘ನಿನ್ಚಿಶೋ’ ಎಂದು ಬದಲಾಯಿಸಿತು, ಅರಿವಿಗೆ ಸಂಬಂಧಿಸಿದ ಕಾಯಿಲೆ ಎನ್ನುವಂಥ ಪದ. ಮರುವರ್ಷದಿಂದ ಸಾಮಾನ್ಯ ಜನರಿಗೆ, ಬ್ಯಾಂಕಿನವರಿಗೆ, ಶಾಲಾ ಮಕ್ಕಳಿಗೆ ಒಂದೂವರೆ ಗಂಟೆಯ ಆಸುಪಾಸಿನ ಪಾಠ ಮಾಡಿ, ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಕೊಡುವ ಆಂದೋಲನ ಶುರುವಾಯಿತು. ದಾರಿ ತಪ್ಪಿ ನಿಂತ ಅಜ್ಜನನ್ನು ಕಂಡರೆ ಹೇಗೆ ಮಾತಾಡಿಸಬೇಕು, ಹಿಂದಿನಿಂದ ಕೂಗಬಾರದು, ಎದುರಿಗೆ ಬಂದು ಮೆಲ್ಲಗೆ ಕೇಳಬೇಕು, ಇಂಥವೇ ಪಾಠ. ಅದನ್ನು ನೋಡಿ ಇಂಗ್ಲೆಂಡಿನಲ್ಲಿ ‘ಡಿಮೆನ್ಷಿಯಾ ಫ್ರೆಂಡ್ಸ್’ ಹುಟ್ಟಿತು, ಅಲ್ಲಿಂದ ಬೇರೆ ದೇಶಗಳಿಗೂ ಹಬ್ಬಿತು. ಇದಕ್ಕೆ ಯಾವ ಶೃಂಗಸಭೆಯೂ ಬೇಕಾಗಲಿಲ್ಲ.

ಕೆಲವು ಪದಗಳಿಗೆ ಮಾತ್ರ ಲೋಕವೇ ಜಗಳಕ್ಕಿಳಿಯಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ 11ನೇ ಆವೃತ್ತಿಯನ್ನು ತಯಾರಿಸುವಾಗ ‘ಮುಪ್ಪು’ ಎಂಬುದಕ್ಕೇ ಒಂದು ಸಂಕೇತ ಸಂಖ್ಯೆ ಕೊಟ್ಟಿತು. ಆ ಪಟ್ಟಿಯಲ್ಲಿರುವ ಸಂಕೇತದ ಮೇಲೆ ಆಸ್ಪತ್ರೆಯ ದಾಖಲೆ, ವಿಮೆ, ಮರಣದ ಕಾರಣ ಎಲ್ಲವೂ ನಿಂತಿರುತ್ತವೆ. ವೈದ್ಯನೊಬ್ಬ 75 ವರ್ಷದವರ ಕಡತದಲ್ಲಿ ‘ಮುಪ್ಪು’ ಎಂದು ಬರೆದುಬಿಟ್ಟರೆ ಕಾಯಿಲೆ ಹುಡುಕುವ ಕೆಲಸ ಅಲ್ಲಿಗೇ ನಿಲ್ಲಬಹುದು. ಲ್ಯಾಟಿನ್ ಅಮೆರಿಕದ ವೈದ್ಯರು, ಹಿರಿಯರ ಸಂಘಟನೆಗಳು ಮುಪ್ಪು ರೋಗವಲ್ಲ ಎಂದು ಎದ್ದು ನಿಂತರು, ಬೇರೆ ಕಡೆಯವರೂ ಸೇರಿಕೊಂಡರು. ಹೊಸ ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬರುವ ಹೊತ್ತಿಗೆ ಆ ಪದ ಹೋಗಿ, ವಯಸ್ಸಿನೊಂದಿಗೆ ದೇಹದ ಒಳಶಕ್ತಿ ಇಳಿಯುವುದು ಎಂಬರ್ಥದ ಮಾತು ಬಂತು. ಒಂದು ಪದ ಬದಲಾದದ್ದು ಅಷ್ಟೇ ತಾನೇ ಎಂದು ಯಾರಾದರೂ ಕೇಳಬಹುದು. ಆ ಪದ ತನ್ನ ತಾಯಿಯ ಕಡತದಲ್ಲಿ ಬೀಳುವವರೆಗೆ ಹಾಗೆ ಅನ್ನಿಸುವುದು ಸಹಜ.

ಲೆಕ್ಕ ಹಾಕುವ ರೀತಿಯಲ್ಲೂ ಹೀಗೆ ಕಣ್ಣಿಗೆ ಬೀಳದ ಅನ್ಯಾಯ ಇದೆ. ಬಡ ದೇಶಗಳ ಆರೋಗ್ಯದ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಮನೆಮನೆ ಸಮೀಕ್ಷೆಗಳಿಂದ ಬಂದದ್ದು. ಅವು ಹೆರಿಗೆ, ಮಕ್ಕಳ ಆರೋಗ್ಯಕ್ಕಾಗಿ ಶುರುವಾದವು, ಹಾಗಾಗಿ ಪ್ರಶ್ನೆ ಕೇಳುವುದು 15ರಿಂದ 49 ವರ್ಷದ ಹೆಂಗಸರಿಗೆ. 50 ತುಂಬಿದ ದಿನ ಅವಳು ಆ ಕಾಗದದಿಂದ ಮಾಯವಾಗುತ್ತಾಳೆ. ಕಾಗದದಲ್ಲಿಲ್ಲದವಳು ಬಜೆಟ್ಟಿನಲ್ಲಿ ಇರುವುದು ಹೇಗೆ?

ಇದನ್ನು ಸರಿಪಡಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಅಮೆರಿಕದಲ್ಲಿ 1992ರಲ್ಲಿ 50 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಒಂದು ಅಧ್ಯಯನ ಶುರುವಾಯಿತು. ಅದೇ ಮಾದರಿಯಲ್ಲಿ ಇಂಗ್ಲೆಂಡ್, ಯುರೋಪಿನ ಇತರ ದೇಶಗಳು, ಕೊರಿಯಾ, ಜಪಾನ್, ಚೀನಾ ತಮ್ಮ ತಮ್ಮ ಅಧ್ಯಯನ ಕಟ್ಟಿಕೊಂಡವು. ಭಾರತದಲ್ಲಿ 2017–18ರಲ್ಲಿ 45 ದಾಟಿದ 72,000ಕ್ಕೂ ಹೆಚ್ಚು ಜನರೊಂದಿಗೆ ಶುರುವಾದ, ಭಾರತೀಯರ ಮುಪ್ಪನ್ನು ವರ್ಷಗಟ್ಟಲೆ ಹಿಂಬಾಲಿಸುವ ‘ಲಾಸಿ’ ಎಂಬ ಸಮೀಕ್ಷೆಯೂ ಇದೇ ಬಳಗದ್ದು. ಕೈಹಿಡಿತದ ಬಲ ಎಷ್ಟು, ಹತ್ತು ಪದ ಕೇಳಿಸಿದರೆ ಎಷ್ಟು ನೆನಪಿರುತ್ತವೆ, ಸ್ನಾನಕ್ಕೆ ಬೇರೆಯವರ ಸಹಾಯ ಬೇಕೇ, ಇಂಥ ಪ್ರಶ್ನೆಗಳನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಕೇಳುತ್ತಾರೆ. ಪ್ರಶ್ನೆ ಒಂದೇ ಇದ್ದರೆ ತಾನೇ ಉತ್ತರಗಳನ್ನು ಪಕ್ಕ ಪಕ್ಕ ಇಟ್ಟು ನೋಡಲು ಆಗುವುದು.

ಈಗ ನನ್ನ ಮಾತಿನ ನಡುಮನೆಗೆ ಬರುತ್ತೇನೆ. ಪಿಂಚಣಿ.

ಒಬ್ಬ ಹೆಂಗಸು ತನ್ನ ದೇಶದಲ್ಲಿ 9 ವರ್ಷ ದುಡಿದು ಪಿಂಚಣಿಗೆ ವಂತಿಗೆ ಕಟ್ಟಿದ್ದಾಳೆ ಎಂದುಕೊಳ್ಳಿ. ಆಮೇಲೆ ಇನ್ನೊಂದು ದೇಶಕ್ಕೆ ಹೋಗಿ 12 ವರ್ಷ ದುಡಿದಳು, ಅಲ್ಲೂ ಕಟ್ಟಿದಳು. ಎರಡು ಕಡೆಯೂ ಪಿಂಚಣಿ ಸಿಗಲು ಕನಿಷ್ಠ 15 ವರ್ಷ ಆಗಿರಬೇಕೆಂಬ ನಿಯಮ ಇದೆ. ವಯಸ್ಸಾದ ಮೇಲೆ ಮೊದಲ ಕಚೇರಿಗೆ ಹೋದರೆ 9 ವರ್ಷ ಸಾಲದು ಅನ್ನುತ್ತಾರೆ. ಎರಡನೆಯ ಕಚೇರಿಯಲ್ಲಿ 12 ಸಾಲದು. 21 ವರ್ಷ ದುಡಿದವಳು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ಅವಳು ಕಟ್ಟಿದ ಹಣ ಎರಡು ದೇಶಗಳ ಬೊಕ್ಕಸದಲ್ಲೂ ಉಳಿದುಬಿಡುತ್ತದೆ.

ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇದ್ದರೆ ಲೆಕ್ಕ ಹೀಗೆ ಬದಲಾಗುತ್ತದೆ. ಮೊದಲು ವರ್ಷಗಳನ್ನು ಕೂಡಿಸುತ್ತಾರೆ: 21. ಕನಿಷ್ಠ 15 ಆಯಿತು, ಬಾಗಿಲು ತೆರೆಯಿತು. ಆಮೇಲೆ ಮೊದಲ ದೇಶ, ಇವಳು 21 ವರ್ಷವೂ ನಮ್ಮಲ್ಲೇ ದುಡಿದಿದ್ದರೆ ಎಷ್ಟು ಕೊಡಬೇಕಿತ್ತು ಎಂದು ನೋಡುತ್ತದೆ. ತಿಂಗಳಿಗೆ 700 ಎಂದಿಟ್ಟುಕೊಳ್ಳಿ. ಅದರಲ್ಲಿ 21ಕ್ಕೆ 9ರ ಪಾಲು, ಅಂದರೆ 300, ಅದು ಕೊಡುತ್ತದೆ. ಎರಡನೆಯ ದೇಶದ ಲೆಕ್ಕದಲ್ಲಿ ಅದು 1,400 ಆದರೆ 21ಕ್ಕೆ 12ರ ಪಾಲು 800 ಕೊಡುತ್ತದೆ. ಯಾವ ದೇಶವೂ ಇನ್ನೊಂದರ ಪಾಲು ಹೊರುವುದಿಲ್ಲ, ಯಾವ ವರ್ಷವೂ ಕಳೆದುಹೋಗುವುದಿಲ್ಲ.

ಎಷ್ಟು ಸರಳ, ಎಷ್ಟು ನ್ಯಾಯ. ಇದರ ಬೀಜ ಬಿದ್ದದ್ದು 1904ರಲ್ಲಿ, ಫ್ರಾನ್ಸ್ ಮತ್ತು ಇಟಲಿ ಕಾರ್ಮಿಕರ ಬಗ್ಗೆ ಒಪ್ಪಂದ ಮಾಡಿಕೊಂಡಾಗ. ಯುರೋಪಿನ ಆರ್ಥಿಕ ಸಮುದಾಯ ಹುಟ್ಟಿದ ವರ್ಷವೇ, 1958ರಲ್ಲಿ, ತಾನು ಹೊರಡಿಸಿದ ಮೊದಮೊದಲ ನಿಯಮಗಳಲ್ಲೇ ವಲಸೆ ಕಾರ್ಮಿಕರ ಈ ವರ್ಷಗಳ ಲೆಕ್ಕವನ್ನು ಸೇರಿಸಿತು. ಲ್ಯಾಟಿನ್ ಅಮೆರಿಕದ ದೇಶಗಳು ಸ್ಪೇನ್, ಪೋರ್ಚುಗಲ್ ಜೊತೆ ಸೇರಿ 2007ರಲ್ಲಿ ಇಂಥದ್ದೇ ಬಹುರಾಷ್ಟ್ರ ಒಪ್ಪಂದ ಮಾಡಿಕೊಂಡವು. ಮುಪ್ಪಿನ ವಿಷಯದಲ್ಲಿ ದೇಶಗಳ ಸಹಕಾರ ಅಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ, ನಾನು ತೋರಿಸುವುದು ಈ ಕೂಡುವ ಭಾಗಿಸುವ ಲೆಕ್ಕವನ್ನು. ಇದಕ್ಕೆ ಭಾಷಣ ಬೇಡ, ಎರಡು ಕಚೇರಿಗಳ ಗುಮಾಸ್ತರು ಒಬ್ಬರಿಗೊಬ್ಬರು ಕಾಗದ ಕಳಿಸಿಕೊಂಡರೆ ಆಯಿತು.

ಆದರೆ ಕೂಡಿಸಬೇಕಾದರೆ ವರ್ಷಗಳು ಎಲ್ಲಾದರೂ ಬರೆದಿರಬೇಕಲ್ಲ. ವಂತಿಗೆ ಕಟ್ಟದೆ, ದಾಖಲೆಯಿಲ್ಲದೆ, ಮನೆಯೊಳಗೇ ದುಡಿಯುವ ಆರೈಕೆಯವಳಿಗೆ ಯಾವ ಒಪ್ಪಂದವೂ ಏನನ್ನೂ ಕೂಡಿಸಲಾರದು. ವಲಸೆ ಬಂದವರನ್ನು ಪಿಂಚಣಿಯಿಂದ ಪೂರ್ತಿ ಹೊರಗಿಟ್ಟ ದೇಶಗಳೂ ಇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆ ತಂದು, ಸಾಮಾಜಿಕ ಭದ್ರತೆಯಲ್ಲಿ ಇವರಿಗೂ ಉಳಿದ ಕೆಲಸಗಾರರಿಗಿಂತ ಕಡಿಮೆ ಆಗಬಾರದು ಎಂದಿತು. ಮೊದಲು ಒಪ್ಪಿದ್ದು ಉರುಗ್ವೆ. ಇವತ್ತಿಗೂ ಅದನ್ನು ಅನುಮೋದಿಸಿದ ದೇಶಗಳು ಸುಮಾರು 40 ಮಾತ್ರ.

ಜಪಾನಿಗೆ ಮತ್ತೊಮ್ಮೆ ಹೋಗೋಣ. 2008ರಿಂದ ಇಂಡೊನೇಷ್ಯಾ, ಮರುವರ್ಷ ಫಿಲಿಪ್ಪೀನ್ಸ್, 2014ರಿಂದ ವಿಯೆಟ್ನಾಂ, ಹೀಗೆ ಮೂರು ದೇಶಗಳಿಂದ ದಾದಿಯರನ್ನು, ಆರೈಕೆಯವರನ್ನು ಆರ್ಥಿಕ ಒಪ್ಪಂದದ ಅಡಿಯಲ್ಲಿ ಕರೆಸಿಕೊಂಡಿತು. ಷರತ್ತು ಒಂದೇ: ಕೆಲವು ವರ್ಷಗಳೊಳಗೆ ಜಪಾನಿನವರು ಬರೆಯುವ ಪರೀಕ್ಷೆಯನ್ನೇ ಜಪಾನಿ ಭಾಷೆಯಲ್ಲೇ ಬರೆದು ಪಾಸಾಗಬೇಕು, ಇಲ್ಲದಿದ್ದರೆ ವಾಪಸು. 2009ರಲ್ಲಿ 82 ಇಂಡೊನೇಷ್ಯಾದ ದಾದಿಯರು ಪರೀಕ್ಷೆ ಬರೆದರು. ಒಬ್ಬರೂ ಪಾಸಾಗಲಿಲ್ಲ. ಮರುವರ್ಷ 254 ಮಂದಿಯಲ್ಲಿ ಮೂವರು.

ಇವರು ತಮ್ಮ ದೇಶದಲ್ಲಿ ಓದಿ, ಆಸ್ಪತ್ರೆಯಲ್ಲಿ ದುಡಿದು ಅನುಭವ ಪಡೆದವರು. ತೊಡಕಾದದ್ದು ಲಿಪಿ. ಆಗ ಜಪಾನಿನಲ್ಲಿ ಚರ್ಚೆಗೆ ಬಂದ ಒಂದು ಪದ ‘ಜೊಕುಸೊ’. ಮಲಗಿದಲ್ಲೇ ಮಲಗಿ ಬೆನ್ನಿಗೆ, ಸೊಂಟಕ್ಕೆ ಆಗುವ ಹುಣ್ಣು, ನಾವು ಹಾಸಿಗೆ ಹುಣ್ಣು ಅನ್ನುತ್ತೇವಲ್ಲ, ಅದಕ್ಕೆ ವೈದ್ಯರ ಪದ. ಬರೆಯಲು ಎರಡು ಜಟಿಲ ಅಕ್ಷರ, ಜಪಾನಿನ ಎಷ್ಟೋ ಜನರಿಗೇ ಓದಲು ಬಾರದು. ಮನೆಮಾತಿನಲ್ಲಿ ಅದನ್ನೇ ‘ತೊಕೊಜುರೆ’ ಅನ್ನುತ್ತಾರೆ, ಎಲ್ಲರಿಗೂ ಗೊತ್ತು. ಕೆಂಪಗಾದ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿ, ಹುಣ್ಣಾಗುವ ಮೊದಲೇ ಗುರುತಿಸಿ, ಮೆಲ್ಲಗೆ ಮಗ್ಗುಲು ತಿರುಗಿಸಿ, ಕಾಲಿನ ನಡುವೆ ದಿಂಬು ಇಡುವ ಕೈ ಒಂದು ಕಡೆ. ಆ ಎರಡು ಅಕ್ಷರ ಓದಲಾರದೆ ಫೇಲಾಗಿ ಗಂಟುಮೂಟೆ ಕಟ್ಟುವ ಅದೇ ಕೈ ಇನ್ನೊಂದು ಕಡೆ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಜಪಾನ್ ತಿದ್ದಿಕೊಂಡಿತು, ಅದನ್ನೂ ಹೇಳಬೇಕು. ಕಷ್ಟದ ಪದಗಳಿಗೆ ವಿವರಣೆ ಬಂತು, 2013ರಿಂದ ಕಠಿಣ ಅಕ್ಷರಗಳ ಮೇಲೆ ಉಚ್ಚಾರಣೆ ಬರೆದ ಪ್ರಶ್ನೆಪತ್ರಿಕೆ ಬಂತು, ಹೆಚ್ಚಿನ ಸಮಯ ಸಿಕ್ಕಿತು. 2019ರಲ್ಲಿ ಬೇರೆ ವೀಸಾದ ದಾರಿಯೂ ತೆರೆಯಿತು.

ಆದರೆ ಇನ್ನೊಂದು ತುದಿಯಿಂದ ನೋಡಿ. ಕಳಿಸಿದ ದೇಶದಲ್ಲಿ ಏನಾಗುತ್ತದೆ? ವಿಯೆಟ್ನಾಂ ತಾನೇ ವೇಗವಾಗಿ ವಯಸ್ಸಾಗುತ್ತಿರುವ ದೇಶ. ರೊಮೇನಿಯಾ, ಬಲ್ಗೇರಿಯಾಗಳ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರು ಹೊರಗೆ ಹೋಗಿ ಉಳಿದವರು ಮುದುಕರು. ಇಟಲಿಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಮುದುಕರನ್ನು ನೋಡಿಕೊಂಡು ಮರಳಿದ ಹೆಂಗಸರಲ್ಲಿ ಕಂಡ ಖಿನ್ನತೆಗೆ ಉಕ್ರೇನಿನ ಮನೋವೈದ್ಯರು ‘ಇಟಲಿ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಬೇರೆಯವರ ತಾಯಿಗೆ ತುತ್ತು ಕೊಟ್ಟವಳು ತನ್ನ ತಾಯಿಯ ಕೊನೆಗಾಲದಲ್ಲಿ ಫೋನಿನಲ್ಲಿ ಮಾತ್ರ ಇದ್ದಳು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಆರೋಗ್ಯ ಸಿಬ್ಬಂದಿಯ ನೇಮಕಾತಿಗೆ ಒಂದು ನೀತಿಸಂಹಿತೆ ಮಾಡಿತು. 2023ರ ಪಟ್ಟಿಯಲ್ಲಿ 55 ದೇಶಗಳನ್ನು ಹೆಸರಿಸಿ, ಇಲ್ಲಿ ಸಿಬ್ಬಂದಿಯೇ ಸಾಲದು, ಇಲ್ಲಿಂದ ಮುಂದಾಗಿ ಸೆಳೆಯಬೇಡಿ ಎಂದಿತು. ಒಳ್ಳೆಯದೇ. ಆದರೆ ಅದು ಇಷ್ಟವಿದ್ದರೆ ಪಾಲಿಸುವ ನಿಯಮ. ಮೇಲಾಗಿ, ದಾದಿಯರನ್ನು ಎಣಿಸಿದಷ್ಟು ಚೆನ್ನಾಗಿ ಮನೆಯೊಳಗಿನ ಆರೈಕೆಯವರನ್ನು ಯಾರೂ ಎಣಿಸುವುದಿಲ್ಲ.

ಇಷ್ಟವಿದ್ದರೆ ಪಾಲಿಸುವುದಕ್ಕೂ ಪಾಲಿಸಲೇಬೇಕಾದ್ದಕ್ಕೂ ಇರುವ ಅಂತರ ಏನು ಎಂಬುದಕ್ಕೆ ವಿಯೆನ್ನಾಕ್ಕೇ ಹಿಂತಿರುಗುತ್ತೇನೆ. 2019ರ ಜನವರಿಯಿಂದ ಆಸ್ಟ್ರಿಯಾ ಒಂದು ನಿಯಮ ತಂದಿತ್ತು. ಅಲ್ಲಿ ದುಡಿಯುವವರ ಮಕ್ಕಳಿಗೆ ಸಿಗುವ ಕುಟುಂಬ ಭತ್ಯೆಯನ್ನು, ಮಕ್ಕಳು ಬೇರೆ ದೇಶದಲ್ಲಿದ್ದರೆ ಆ ದೇಶದ ಜೀವನವೆಚ್ಚಕ್ಕೆ ತಕ್ಕಂತೆ ಏರಿಸುವುದು, ಇಳಿಸುವುದು. ರೊಮೇನಿಯಾದಲ್ಲಿ ಖರ್ಚು ಕಡಿಮೆ, ಹಾಗಾಗಿ ಆರೈಕೆಯವಳ ಮಕ್ಕಳಿಗೆ ಬರುತ್ತಿದ್ದ ಹಣ ಇಳಿಯಿತು. ಅವಳು ಕಟ್ಟುವ ತೆರಿಗೆ, ವಂತಿಗೆ ಮಾತ್ರ ಇಳಿಯಲಿಲ್ಲ. ವಿಷಯ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2022ರ ಜೂನ್ 16ರಂದು ತೀರ್ಪು ಬಂತು: ಆ ವ್ಯವಸ್ಥೆಗೆ ಹಣ ಕೂಡಿಸುವುದರಲ್ಲಿ ವಲಸೆ ಕಾರ್ಮಿಕರೂ ಆ ದೇಶದವರಷ್ಟೇ ಪಾಲುದಾರರು, ಮಕ್ಕಳು ಎಲ್ಲಿದ್ದಾರೆ ಎಂದು ನೋಡಿ ಕಡಿತ ಮಾಡುವಂತಿಲ್ಲ. ಕಡಿದದ್ದನ್ನು ವಾಪಸು ಕೊಡಬೇಕಾಯಿತು. ಸದಾಶಯದ ಹೇಳಿಕೆ ಎಷ್ಟೇ ಇದ್ದರೂ ಆ ಹಣ ಮರಳುತ್ತಿರಲಿಲ್ಲ. ಕಾನೂನು ಇತ್ತು, ಕೇಳುವ ನ್ಯಾಯಾಲಯ ಇತ್ತು, ಮರಳಿತು.

ಇದಕ್ಕಾಗಿಯೇ ಹಿರಿಯರ ಹಕ್ಕುಗಳಿಗೆ ಬದ್ಧಗೊಳಿಸುವ ಒಡಂಬಡಿಕೆ ಬೇಕು ಎನ್ನುವವರ ಪರ ನಾನು. ಅಮೆರಿಕ ಖಂಡದ ದೇಶಗಳು 2015ರಲ್ಲಿ ತಮ್ಮ ಪ್ರಾಂತ್ಯಕ್ಕೆ ಅಂಥದ್ದು ಮಾಡಿಕೊಂಡವು. ಆಫ್ರಿಕಾದ ದೇಶಗಳು 2016ರಲ್ಲಿ ಒಪ್ಪಿದ್ದು 2024ರಲ್ಲಿ ಜಾರಿಗೆ ಬಂತು. ಲೋಕಕ್ಕೆಲ್ಲ ಅನ್ವಯಿಸುವಂಥದ್ದಕ್ಕಾಗಿ ವಿಶ್ವಸಂಸ್ಥೆ 2010ರಲ್ಲಿ ಒಂದು ಕಾರ್ಯತಂಡ ಮಾಡಿ, ಬೇಕೋ ಬೇಡವೋ ಎಂದು 14 ಅಧಿವೇಶನ ಮಾತಾಡಿತು. ಕೊನೆಗೆ 2025ರ ಏಪ್ರಿಲ್ 3ರಂದು ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿ, ಮತಕ್ಕೆ ಹಾಕದೆ ಸರ್ವಾನುಮತದಿಂದ, ಒಡಂಬಡಿಕೆಯ ಕರಡು ಬರೆಯಲು ಸರ್ಕಾರಗಳ ಕಾರ್ಯತಂಡ ರಚಿಸುವ ನಿರ್ಣಯ ಮಾಡಿತು. ನಿರ್ಣಯ ತಂದ ದೇಶಗಳಲ್ಲಿ ಅರ್ಜೆಂಟೀನಾ ಇತ್ತು. 1948ರಿಂದ ಎಣಿಸಿದರೆ 77 ವರ್ಷ.

ಮಾತು ಮುಗಿಸುವ ಮುಂಚೆ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಆ ಕರಡಿನಲ್ಲಿ ಒಂದೇ ಒಂದು ಕಲಂ ಸೇರಿಸುವ ಅವಕಾಶ ಸಿಕ್ಕರೆ ಏನು ಬರೆಯುತ್ತೀರಿ? ನಾನು ಹೇಳುವುದು ಇಷ್ಟು. ಇನ್ನೊಬ್ಬರ ಮುಪ್ಪನ್ನು ನೋಡಿಕೊಂಡ ಪ್ರತಿ ವರ್ಷವೂ, ಯಾವ ದೇಶದಲ್ಲೇ ಆಗಲಿ, ಮನೆಯೊಳಗೇ ಆಗಲಿ, ಆ ಕೆಲಸ ಮಾಡಿದವರ ಹೆಸರಿನಲ್ಲಿ ದಾಖಲಾಗಬೇಕು. ಆ ದಾಖಲೆ ಗಡಿ ದಾಟಿದರೂ ನಡೆಯಬೇಕು, ಉಳಿದ ವರ್ಷಗಳ ಜೊತೆ ಕೂಡಬೇಕು. ಕೂಡಿಸುವ ಲೆಕ್ಕ ಒಂದು ಶತಮಾನದಿಂದ ನಮಗೆ ಗೊತ್ತೇ ಇದೆ.

ಟಿಮಿಶೋರಾದಿಂದ ಬಂದ ಆ ರೈಲಿನಲ್ಲಿ 50 ವರ್ಷದ ಹೆಂಗಸೊಬ್ಬಳು ಕಿಟಕಿಗೆ ತಲೆ ಒರಗಿಸಿ ಕೂತಿದ್ದಳು ಎಂದುಕೊಳ್ಳಿ. ಅವಳಿಗೆ 65 ತುಂಬುವುದು 2035ರಲ್ಲಿ. ಜಿನೀವಾದಲ್ಲಿ ಕರಡು ಬರೆಯುವವರಿಗೆ ಅವಳ ಮಟ್ಟಿಗೆ ಇರುವ ಸಮಯ ಅಷ್ಟೇ.